ಉತಾರ, ಪಹಣಿ, ಆರ್‌ಟಿಸಿ: ಸರ್ಕಾರಿ ವೆಬ್‌ಸೈಟಲ್ಲಿ ಹುಡುಕಿದ್ದು ಯಾಕೆ ಸಿಗಲ್ಲ

ನಮ್ಮ ಮಾವ ಧಾರವಾಡದ ಕಡೆಯವ್ರು, ಅವ್ರ ಬಾಯಲ್ಲಿ ಪಹಣಿ ಅನ್ನೋ ಮಾತೇ ಬರಲ್ಲ, ಉತಾರ ಅಂತಾರೆ. ನಾವು ಹಾಸನದವ್ರು, ನಮಗದು ಪಾಣಿ, ಸ್ವಲ್ಪ ನೀಟಾಗಿ ಹೇಳಬೇಕಂದ್ರೆ ಪಹಣಿ. ಸರ್ಕಾರದ ಕಾಗದದಲ್ಲಿ ಆರ್‌ಟಿಸಿ. ಮೂರೂ ಒಂದೇ ಕಾಗದ, ಜಮೀನು ಯಾರ ಹೆಸರಲ್ಲಿದೆ ಏನು ಬೆಳೆ ಅಂತ ಬರೆದಿರೋ ಕಾಗದ. ಕಳೆದ ವರ್ಷ ಮಾವನಿಗೆ ಇದಕ್ಕೆ ಸಂಬಂಧಪಟ್ಟ ಒಂದು ಸುತ್ತೋಲೆ ಬೇಕಿತ್ತು, ಒಂದು ಇಲಾಖೆಯ ಸೈಟಲ್ಲಿದೆ ಅಂತ ಯಾರೋ ಹೇಳಿದ್ರಂತೆ (ಯಾವ ಇಲಾಖೆ ಅಂತ ಬೇಡ ಬಿಡಿ), ಅವ್ರು ಸರ್ಚ್ ಬಾಕ್ಸಲ್ಲಿ ಉತಾರ ಅಂತ ಹೊಡೆದ್ರು, ಸೊನ್ನೆ. ನಾನು ಪಹಣಿ ಅಂತ ಹೊಡೆದೆ, ಸೊನ್ನೆ. ಇಂಗ್ಲಿಷಲ್ಲಿ ಆರ್‌ಟಿಸಿ ಅಂತ ಹೊಡೆದ್ರೆ ಪುಟಗಟ್ಟಲೆ ಬಂತು, ಎಲ್ಲದರ ಶೀರ್ಷಿಕೆಯೂ ಒಂದೇ: ಸುತ್ತೋಲೆ. ಸುತ್ತೋಲೆ, ಸುತ್ತೋಲೆ, ಸುತ್ತೋಲೆ. ಯಾವ್ದರ ಬಗ್ಗೆ, ಯಾವತ್ತಿಂದು, ಈಗ್ಲೂ ಜಾರಿಯಲ್ಲಿದ್ಯಾ, ಊಹೂಂ, ಒಂದೊಂದೇ ತೆಗೆದು ನೋಡ್ಕೊಳ್ಳಿ. ಕೊನೆಗೆ ಅದು ಸಿಕ್ಕಿದ್ದು ತಾಲ್ಲೂಕು ಆಫೀಸ್ ಎದುರಿನ ಜೆರಾಕ್ಸ್ ಅಂಗಡಿಯವನ ಹತ್ರ, ವಾಟ್ಸಾಪಲ್ಲಿ ಎರಡೇ ನಿಮಿಷದಲ್ಲಿ ಕಳಿಸಿದ.

ಆ ಜೆರಾಕ್ಸ್ ಅಂಗಡಿಯವನ ತಲೇಲಿ ಇರೋದು ಇಲಾಖೆಯ ಸರ್ವರಲ್ಲಿ ಇಲ್ಲ. ಸುತ್ತೋಲೆ ಇಬ್ಬರ ಹತ್ರಾನೂ ಇದೆ, ಆದ್ರೆ ಯಾವ ಸುತ್ತೋಲೆ ಯಾವ್ದಕ್ಕೆ, ಯಾವ್ದು ಹಳೇದು, ಜನ ಅದನ್ನ ಏನಂತ ಕೇಳ್ತಾರೆ ಅನ್ನೋದು ಅವನಿಗೆ ಮಾತ್ರ ಗೊತ್ತು. ಈ 'ಯಾವ್ದು ಯಾವ್ದಕ್ಕೆ' ಅನ್ನೋದನ್ನ ಕಂಪ್ಯೂಟರಿಗೆ ಅರ್ಥ ಆಗೋ ಹಾಗೆ ಬರೆದಿಟ್ರೆ ಅದೇ ಮೆಟಾಡೇಟಾ. ನನ್ನ ಹೊಟ್ಟೆಪಾಡೇ ದೊಡ್ಡ ಸೈಟ್‌ಗಳ ಕಂಟೆಂಟ್ ಜೋಡಿಸೋದು, ಹಾಗಾಗಿ ಇದರ ಬಗ್ಗೆ ಸ್ವಲ್ಪ ಉದ್ದವಾಗೇ ಬರೀತೀನಿ.

ಮನೆ ಉಗ್ರಾಣ ನೆನಪಿಸ್ಕೊಳ್ಳಿ. ನಮ್ಮಮ್ಮನ ಅಡುಗೆಮನೇಲಿ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಮೆಂತ್ಯ ಇರತ್ತೆ, ಬೋರ್ನ್‌ವಿಟಾ ಡಬ್ಬದಲ್ಲಿ ಸಾಸಿವೆ, ಬಿಸ್ಕೆಟ್ ಡಬ್ಬದಲ್ಲಿ ಸೂಜಿ ದಾರ. ಅಮ್ಮ ಕಣ್ಣುಮುಚ್ಚಿ ತೆಗೀತಾರೆ, ಅವ್ರಿಗೆ ಚೀಟಿ ಬೇಕಾಗಿಲ್ಲ. ಅಮ್ಮ ಊರಿಗೆ ಹೋದ ದಿನ ಮನೇಲಿ ಒಗ್ಗರಣೆ ನಿಂತೋಗತ್ತೆ. ಡಬ್ಬ ಇಪ್ಪತ್ತಿದ್ರೆ ಮುಚ್ಚಳ ತೆಗೆದು ತೆಗೆದು ನೋಡಬಹುದು, ಲಕ್ಷಗಟ್ಟಲೆ ಇದ್ರೆ? ಸರ್ಕಾರಿ ವೆಬ್‌ಸೈಟ್ ಅಂದ್ರೆ ಅಷ್ಟು ಡಬ್ಬ, ಮತ್ತು ಅದನ್ನ ಜೋಡಿಸಿಟ್ಟ ಅಮ್ಮಂದಿರು ಪ್ರತಿ ಮೂರು ವರ್ಷಕ್ಕೊಮ್ಮೆ ಟ್ರಾನ್ಸ್‌ಫರ್ ಆಗ್ತಿರ್ತಾರೆ.

ಹಾಗಾದ್ರೆ ಎಲ್ಲಾ ಡಬ್ಬಕ್ಕೂ ಚೀಟಿ ಅಂಟಿಸಿಬಿಟ್ರೆ ಆಯ್ತಲ್ವಾ ಅಂತೀರಿ. ಇಲ್ಲೇ ಕಥೆ ಶುರು, ಯಾಕಂದ್ರೆ ಈ ಐಡಿಯಾ ಹೊಸದೇನಲ್ಲ, ಒಂದ್ಸಲ ಭಾರಿ ಉತ್ಸಾಹದಿಂದ ಮಾಡಿ ಕೈ ಸುಟ್ಕೊಂಡಿದ್ದೂ ಆಗಿದೆ. 1995ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡಬ್ಲಿನ್ ಅನ್ನೋ ಊರಲ್ಲಿ ಲೈಬ್ರರಿಯವ್ರು, ಕಂಪ್ಯೂಟರ್‌ನವ್ರು ಎಲ್ಲಾ ಕೂತು ವೆಬ್ಬಲ್ಲಿರೋ ಯಾವ ಕಡತಕ್ಕಾದ್ರೂ ಅಂಟಿಸಬಹುದಾದ ಒಂದು ಸರಳ ಚೀಟಿ ತಯಾರು ಮಾಡೋಕೆ ಹೊರಟ್ರು. ಅದೇ ಡಬ್ಲಿನ್ ಕೋರ್, ಐರ್ಲೆಂಡಿನ ಡಬ್ಲಿನ್ ಅಲ್ಲ. ಶೀರ್ಷಿಕೆ, ಬರೆದವರು, ವಿಷಯ, ದಿನಾಂಕ, ಭಾಷೆ, ಹಕ್ಕು, ಹೀಗೆ 15 ಕಾಲಂ, ಆಮೇಲೆ 2003ರಲ್ಲಿ ಐಎಸ್‌ಒ ಸ್ಟಾಂಡರ್ಡೂ, ಅಂದ್ರೆ ಅಂತಾರಾಷ್ಟ್ರೀಯ ಮಾನದಂಡಾನೂ ಆಯ್ತು. ಒಳ್ಳೆ ಕೆಲಸ. ಇದನ್ನ ನೋಡಿ ಸರ್ಕಾರಗಳು ತಮ್ಮದೇ ವರ್ಶನ್ ಮಾಡ್ಕೊಂಡ್ವು, ಆಸ್ಟ್ರೇಲಿಯಾ ಎಜಿಎಲ್‌ಎಸ್ ಅಂತ ಮಾಡ್ತು, ಬ್ರಿಟನ್ ಇ-ಜಿಎಂಎಸ್ ಅಂತ ಮಾಡ್ತು. ಬ್ರಿಟನ್‌ನವ್ರು 15 ಸಾಲದು ಅಂತ ಮೇಲೆ ಇನ್ನಷ್ಟು ಕಾಲಂ ಸೇರಿಸಿದ್ರು, ಜೊತೆಗೆ ವಿಷಯದ ಕಾಲಂನಲ್ಲಿ ಮನಸ್ಸಿಗೆ ಬಂದಿದ್ದು ಬರೆಯೋ ಹಾಗಿಲ್ಲ, ಸರ್ಕಾರ ಕೊಟ್ಟ ಪದಪಟ್ಟಿಯಿಂದಾನೇ ಆರಿಸಬೇಕು ಅಂತ ಮಾಡಿ 2005ರಲ್ಲಿ ಆ ಪಟ್ಟಿಯನ್ನ ಇನ್ನೂ ದೊಡ್ಡದು ಮಾಡಿದ್ರು, ಐಪಿಎಸ್‌ವಿ ಅಂತ ಅದರ ಹೆಸರು, ಕೌನ್ಸಿಲ್‌ಗಳಿಂದ ಹಿಡಿದು ಮಂತ್ರಾಲಯದ ತನಕ ಎಲ್ಲರೂ ಬಳಸಬೇಕು ಅಂತ.

ಆಮೇಲೆ ಏನಾಯ್ತು? ಜನ ಫಾರಂ ತುಂಬಿದ್ರು ಅಷ್ಟೇ. ಪುಟದ ತಲೆಯೊಳಗೆ, ಅಂದ್ರೆ ನಮ್ಮ ಕಣ್ಣಿಗೆ ಕಾಣದ ಎಚ್‌ಟಿಎಂಎಲ್ ಭಾಗದಲ್ಲಿ, ಹತ್ತಾರು ಮೆಟಾ ಟ್ಯಾಗ್ ಸೇರ್ಕೊಂಡ್ವು. ಅದನ್ನ ಓದೋರು ಯಾರು? ಪುಟ ನೋಡೋ ಮನುಷ್ಯನಿಗೆ ಕಾಣಲ್ಲ. ಬರೆದ ಗುಮಾಸ್ತನಿಗೂ ಆಮೇಲೆ ಕಾಣಲ್ಲ. ಸರ್ಚ್ ಎಂಜಿನ್‌ಗಳು ಆ ಹೊತ್ತಿಗಾಗ್ಲೇ ಕೀವರ್ಡ್ ಟ್ಯಾಗ್, ಅಂದ್ರೆ ಪುಟ ಯಾವ್ದರ ಬಗ್ಗೆ ಅಂತ ಪದಗಳನ್ನ ಬರೆದಿಡೋ ಮೆಟಾ ಟ್ಯಾಗ್, ನಂಬೋದು ಬಿಟ್ಟಿದ್ವು, ಯಾಕಂದ್ರೆ ಸಂಬಂಧವೇ ಇಲ್ಲದ ಪದ ತುಂಬಿಸಿ ಮೋಸ ಮಾಡೋರು ಜಾಸ್ತಿಯಾಗಿದ್ರು, 2009ರ ಸೆಪ್ಟೆಂಬರಲ್ಲಿ ಗೂಗಲ್‌ನವ್ರೇ ಬಾಯ್ಬಿಟ್ಟು ಹೇಳಿದ್ರು, ಸರ್ಚ್ ರ‍್ಯಾಂಕಿಂಗಿಗೆ ನಾವು ಕೀವರ್ಡ್ ಟ್ಯಾಗ್ ನೋಡೋದೇ ಇಲ್ಲ ಅಂತ. ಇಷ್ಟಾದ್ರೂ ಇವತ್ತಿಗೂ ನಮ್ಮಲ್ಲಿ ಟೆಂಡರ್ ಡಾಕ್ಯುಮೆಂಟಲ್ಲಿ 'ಮೆಟಾ ಕೀವರ್ಡ್ಸ್ ಹಾಕಬೇಕು' ಅಂತ ಒಂದು ಸಾಲು ಇದ್ದೇ ಇರತ್ತೆ, ವೆಂಡರ್ ಅದಕ್ಕೆ ಟಿಕ್ ಹಾಕ್ತಾನೆ, ಎಲ್ಲಾ ಪುಟಕ್ಕೂ ಇಲಾಖೆಯ ಹೆಸರನ್ನೇ ಕೀವರ್ಡ್ ಅಂತ ಪೇಸ್ಟ್ ಮಾಡಿ ಬಿಲ್ ಪಾಸ್ ಮಾಡಿಸ್ಕೋತಾನೆ.

ನನಗನ್ಸೋದು, ಯಾವ ಕಾಲಂನ ಯಾರೂ ಓದಲ್ವೋ ಆ ಕಾಲಂನಲ್ಲಿ ಯಾರೂ ನಿಜ ಬರೆಯಲ್ಲ. ಸ್ಟಾಂಡರ್ಡ್ ಎಷ್ಟೇ ಚೆನ್ನಾಗಿರ್ಲಿ. ತಪ್ಪು ಬರೆದ್ರೆ ತಕ್ಷಣ ಎಲ್ಲೋ ಏನೋ ಎಡವಟ್ಟಾಗಬೇಕು, ಯಾರೋ ಫೋನ್ ಮಾಡಿ ಬೈಬೇಕು, ಆಗ ಮಾತ್ರ ಆ ಕಾಲಂ ಶುದ್ಧವಾಗಿರತ್ತೆ. ಇದನ್ನ ಅದೇ ಬ್ರಿಟನ್‌ನ ಎರಡನೇ ಪ್ರಯತ್ನದಲ್ಲಿ ಚೆನ್ನಾಗಿ ನೋಡಬಹುದು.

2010ರಲ್ಲಿ ಮಾರ್ತಾ ಲೇನ್ ಫಾಕ್ಸ್ ಅನ್ನೋರು ಅಲ್ಲಿನ ಸರ್ಕಾರಕ್ಕೆ ಒಂದು ವರದಿ ಕೊಟ್ರು, ಇಷ್ಟೊಂದು ಸೈಟ್ ಯಾಕೆ, ಎಲ್ಲಾ ಒಂದೇ ಕಡೆ ತನ್ನಿ ಅಂತ. ಅದರಿಂದ ಹುಟ್ಟಿದ್ದು ಗವ್ ಡಾಟ್ ಯುಕೆ. 2012ರ ಅಕ್ಟೋಬರ್ 17ಕ್ಕೆ ಡೈರೆಕ್ಟ್‌ಗವ್, ಬಿಸಿನೆಸ್ ಲಿಂಕ್ ಅನ್ನೋ ಎರಡು ದೊಡ್ಡ ಸೈಟ್ ಮುಚ್ಚಿ ಇದು ಶುರುವಾಯ್ತು, 2014ರ ಕೊನೆಗೆ ಮಂತ್ರಾಲಯಗಳ ಜೊತೆ 300ಕ್ಕೂ ಹೆಚ್ಚು ಸಂಸ್ಥೆಗಳ ಸೈಟುಗಳು ಇದರೊಳಗೆ ಬಂದು ಸೇರ್ಕೊಂಡ್ವು. ಈಗ ಅಲ್ಲಿರೋ ಪುಟಗಳು ಲಕ್ಷಗಟ್ಟಲೆ. ಇಂಥ ಸೈಟಲ್ಲಿ ಮೆಟಾಡೇಟಾ ಹೇಗಿರತ್ತೆ ಅಂತ ನೀವೇ ನೋಡಬಹುದು, ಯಾವ ಪರ್ಮಿಶನ್ನೂ ಬೇಡ: ಸೈಟಿನ ಯಾವ್ದಾದ್ರೂ ಪುಟದ ವಿಳಾಸದಲ್ಲಿ ಡೊಮೇನ್ (ಗವ್ ಡಾಟ್ ಯುಕೆ ಅನ್ನೋ ಭಾಗ) ಆದ್ಮೇಲೆ ಎಪಿಐ, ಸ್ಲ್ಯಾಶ್, ಕಂಟೆಂಟ್ ಅಂತ ಸೇರಿಸಿ ಎಂಟರ್ ಹೊಡೀರಿ, ಪುಟದ ಬಣ್ಣ ಬಟ್ಟೆ ಎಲ್ಲಾ ಕಳಚಿ ಒಳಗಿನ ಚೀಟಿ ಮಾತ್ರ ಬರೀ ಅಕ್ಷರದಲ್ಲಿ ಎದುರಿಗೆ ಬರತ್ತೆ. ವ್ಯಾಟ್ ದರದ ಪುಟದ್ದು ನೋಡಿ, ಶೀರ್ಷಿಕೆ, ಒಂದು ಸಾಲಿನ ವಿವರಣೆ, ಇದು ಯಾವ ಬಗೆಯ ಪುಟ, ಭಾಷೆ, ಮೊದಲು ಪ್ರಕಟವಾದ ದಿನ, ಜನರ ಲೆಕ್ಕದಲ್ಲಿ ಬದಲಾದ ದಿನ, ಯಾವ ಸಂಸ್ಥೆಗೆ ಸೇರಿದ್ದು, ಯಾವ ವಿಷಯಕ್ಕೆ, ಯಾವ ಸಾಫ್ಟ್‌ವೇರಲ್ಲಿ ಬರೆದಿದ್ದು, ಯಾವ ಸಾಫ್ಟ್‌ವೇರ್ ಇದನ್ನ ಪರದೆ ಮೇಲೆ ತೋರಿಸಬೇಕು, ಎಲ್ಲಾ ಇದೆ. ನೋಡೋಕೆ ಮತ್ತದೇ ಫಾರಂ ತರಾನೇ. ಆದ್ರೆ ಇಲ್ಲಿ ಒಂದೊಂದು ಕಾಲಂಗೂ ಒಂದೊಂದು ಕೆಲಸ ಕಟ್ಟಿಹಾಕಿದ್ದಾರೆ.

ದಿನಾಂಕಾನೇ ತಗೊಳ್ಳಿ. ನಮ್ಮ ಸೈಟುಗಳ ಕೆಳಗಡೆ 'ಕೊನೆಯದಾಗಿ ನವೀಕರಿಸಿದ್ದು' ಅಂತ ಇವತ್ತಿನ ದಿನಾಂಕ ತೋರಿಸ್ತಿರತ್ತೆ ನೋಡಿ, ತುಂಬಾ ಕಡೆ ಅದು ಸರ್ವರಿನ ಗಡಿಯಾರ ಅಷ್ಟೇ, ಪುಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಒಂದು ಪುಟಕ್ಕೆ ನಿಜವಾಗಿ ಎಷ್ಟು ದಿನಾಂಕ ಇರತ್ತೆ ಅಂತ ಯೋಚನೆ ಮಾಡಿ. ಮೊದಲು ಹಾಕಿದ ದಿನ ಒಂದು. ಯಾರೋ ಕಾಗುಣಿತ ತಿದ್ದಿದ ದಿನ ಒಂದು. ನಿಯಮಾನೇ ಬದಲಾದ ದಿನ ಇನ್ನೊಂದು. ಬದಲಾಗಿಲ್ಲ ಆದ್ರೆ ಅಧಿಕಾರಿ ಕೂತು ಓದಿ ಹೌದು ಇದು ಈಗ್ಲೂ ಸರಿ ಅಂದ ದಿನ ಮತ್ತೊಂದು. ಗವ್ ಡಾಟ್ ಯುಕೆಯಲ್ಲಿ ಪುಟ ತಿದ್ದಿದವರು ಪ್ರಕಟಿಸೋ ಮುಂಚೆ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: ಇದು ಮೇಜರ್ ಬದಲಾವಣೆಯೋ ಮೈನರೋ? ಮೈನರ್ ಅಂದ್ರೆ ಪುಟದ ಮೇಲಿನ ದಿನಾಂಕ ಅಲ್ಲಾಡಲ್ಲ. ಮೇಜರ್ ಅಂದ್ರೆ ಏನು ಬದಲಾಯ್ತು ಅಂತ ಒಂದು ಸಾಲು ಬರೀಬೇಕು, ದಿನಾಂಕ ಬದಲಾಗತ್ತೆ, ಆ ಸಾಲು ಪುಟದ ಇತಿಹಾಸಕ್ಕೆ ಸೇರತ್ತೆ, ಮತ್ತು ಆ ಪುಟಕ್ಕೋ ಆ ವಿಷಯಕ್ಕೋ ಚಂದಾದಾರರಾಗಿರೋ ಎಲ್ಲರಿಗೂ ಇಮೇಲ್ ಹೋಗತ್ತೆ.

ಆ ಇಮೇಲೇ ಇಡೀ ವ್ಯವಸ್ಥೆಯನ್ನ ಪ್ರಾಮಾಣಿಕವಾಗಿಡೋದು. ಅಲ್ಪವಿರಾಮ ತಿದ್ದಿ ಮೇಜರ್ ಅಂತ ಒತ್ತಿದ್ರೆ ಸಾವಿರಾರು ಜನರ ಇನ್‌ಬಾಕ್ಸಿಗೆ ಕಸ ಹೋಗತ್ತೆ. ದರ ಬದಲಾಯಿಸಿ ಮೈನರ್ ಅಂತ ಒತ್ತಿದ್ರೆ ಅದನ್ನೇ ಕಾಯ್ತಿದ್ದ ಅಕೌಂಟೆಂಟ್‌ಗೆ ಗೊತ್ತೇ ಆಗಲ್ಲ. ಎರಡಕ್ಕೂ ಯಾರಾದ್ರೂ ಜಗಳಕ್ಕೆ ಬಂದೇ ಬರ್ತಾರೆ. ಹಾಗೇನೇ ತಪ್ಪು ವಿಷಯದ ಟ್ಯಾಗ್ ಹಾಕಿದ್ರೆ ತಪ್ಪು ಜನಕ್ಕೆ ಮೇಲ್ ಹೋಗತ್ತೆ. ಇ-ಜಿಎಂಎಸ್ ಕಾಲದಲ್ಲಿ ತಪ್ಪು ಟ್ಯಾಗ್ ಹಾಕಿದ್ರೆ ನೊಣಾನೂ ಹಾರ್ತಿರಲಿಲ್ಲ. ವಿದೇಶ ಪ್ರಯಾಣದ ಸಲಹೆ ಕೊಡೋ ಪುಟಗಳಲ್ಲಂತೂ ಒಂದು ಹೆಜ್ಜೆ ಮುಂದೆ ಹೋಗಿ, ಕೊನೆಯ ಬದಲಾವಣೆ ಇಂಥ ದಿನ ಅಂತ ಒಂದು ಸಾಲು, ಇಂಥ ದಿನಕ್ಕೂ ಇದು ಸರಿಯಾಗೇ ಇದೆ ಅಂತ ಇನ್ನೊಂದು ಸಾಲು ಹಾಕ್ತಿದ್ರು, ಹಳೇ ದಿನಾಂಕ ನೋಡಿ ಜನ ಪುಟ ಸತ್ತೋಗಿದೆ ಅಂದ್ಕೊಳ್ಳಬಾರದು ಅಂತ.

ನನಗೆ ಅತೀ ಇಷ್ಟವಾದ ಕಾಲಂ ಇನ್ನೊಂದಿದೆ. ಅದರಲ್ಲಿ ಬರೆಯೋಕೆ ಏನೂ ಇಲ್ಲ, ಹೌದು ಇಲ್ಲ ಅಷ್ಟೇ: ಈ ಕಡತ ರಾಜಕೀಯದ್ದಾ? ಅಂದ್ರೆ ಈಗಿನ ಸರ್ಕಾರದ ನೀತಿಗೆ ಅಂಟಿಕೊಂಡಿದ್ದಾ, ಇಲ್ಲ ಯಾವ ಸರ್ಕಾರ ಬಂದ್ರೂ ಇರೋದಾ. ಡ್ರೈವಿಂಗ್ ಲೈಸೆನ್ಸ್ ರಿನ್ಯೂ ಮಾಡೋ ಪುಟ ಎರಡನೇದು, ಒಬ್ಬ ಮಂತ್ರಿಯ ಭಾಷಣ ಮೊದಲನೇದು. ಸುಮ್ನೆ ನೋಡಿದ್ರೆ ಯಾಕಪ್ಪಾ ಇದು ಅನ್ಸತ್ತೆ. 2015ರ ಚುನಾವಣೆ ಆಯ್ತು, ಸಮ್ಮಿಶ್ರ ಸರ್ಕಾರ ಹೋಯ್ತು, ಆಗ ಹೌದು ಅಂತ ಗುರುತಾಗಿದ್ದ ಹಳೇ ಪುಟಗಳ ಮೇಲೆಲ್ಲಾ 'ಇದು 2010ರಿಂದ 2015ರ ತನಕ ಇದ್ದ ಸಮ್ಮಿಶ್ರ ಸರ್ಕಾರದ ಕಾಲದಲ್ಲಿ ಪ್ರಕಟವಾಗಿದ್ದು' ಅನ್ನೋ ಪಟ್ಟಿ ಬಂದು ಕೂತ್ಕೊಳ್ತು. 2024ರ ಜುಲೈನಲ್ಲಿ ರಿಷಿ ಸುನಕ್ ಸರ್ಕಾರ ಹೋಗಿ ಲೇಬರ್ ಪಕ್ಷ ಬಂದಾಗ್ಲೂ ಅದೇ. ಪುಟ ಅಳಿಸಲಿಲ್ಲ, ವಿಳಾಸ ಬದಲಾಗಲಿಲ್ಲ, ಯಾರೂ ಒಂದೊಂದೇ ತೆಗೆದು ತಿದ್ದುತ್ತಾ ಕೂರಲಿಲ್ಲ. ಯಾವ ಸರ್ಕಾರ ಯಾವತ್ತಿಂದ ಯಾವತ್ತಿನ ತನಕ ಅನ್ನೋದು ಒಂದು ಕಡೆ, ಪುಟದ ದಿನಾಂಕ ಮತ್ತು ಹೌದು-ಇಲ್ಲ ಇನ್ನೊಂದು ಕಡೆ, ಎರಡನ್ನ ಕೂಡಿಸಿದ್ರೆ ಪಟ್ಟಿ ತಾನಾಗೇ ಬರತ್ತೆ. ನಮ್ಮಲ್ಲಿ ಸರ್ಕಾರ ಬದಲಾದಾಗ ಏನಾಗತ್ತೆ ಅಂತ ನಿಮಗೇ ಗೊತ್ತು, ಮೊದಲು ಮುಖಪುಟದ ಫೋಟೋ ಬದಲಾಗತ್ತೆ, ಹಳೇ ಯೋಜನೆಯ ಪುಟ ಒಂದೋ ಮಾಯ, ಇಲ್ಲಾಂದ್ರೆ ಈಗ್ಲೂ ಅರ್ಜಿ ಹಾಕಬಹುದು ಅನ್ನೋ ಹಾಗೆ ಅಲ್ಲೇ ಕೂತಿರತ್ತೆ.

ಇಲಾಖೆಯ ಹೆಸರಿನ ಕಥೆಯೂ ಹೀಗೇನೇ. 2023ರ ಫೆಬ್ರವರಿ 7ಕ್ಕೆ ಬ್ರಿಟನ್‌ನಲ್ಲಿ ವ್ಯಾಪಾರ, ಇಂಧನ, ಕೈಗಾರಿಕಾ ನೀತಿ ಎಲ್ಲಾ ಸೇರಿದ್ದ ಒಂದು ಇಲಾಖೆಯನ್ನ ಒಡೆದು ಅದರ ಕೆಲಸವನ್ನ ಮೂರು ಹೊಸ ಇಲಾಖೆಗೆ ಹಂಚಿದ್ರು. ಆ ಹಳೇದು ತಾನೇ 2016ರಲ್ಲಿ ಎರಡು ಇಲಾಖೆ ಸೇರಿಸಿ ಮಾಡಿದ್ದು. ಪುಟಗಳಲ್ಲಿ ಇಲಾಖೆ ಹೆಸರನ್ನ ಅಕ್ಷರವಾಗಿ ಟೈಪ್ ಮಾಡಿಟ್ಟಿದ್ರೆ ಸಾವಿರಾರು ಪುಟ ತೆಗೆದು ತಿದ್ದಬೇಕಿತ್ತು. ಅಲ್ಲಿ ಇಲಾಖೆ ಅನ್ನೋದು ಒಂದು ಹೆಸರಲ್ಲ, ಒಂದು ದಾಖಲೆ, ಅದಕ್ಕೇ ಒಂದು ಐಡಿ ಇದೆ, ಇದು ಈಗ ಮುಚ್ಚಿದೆ, ಇದರ ಜಾಗಕ್ಕೆ ಬಂದಿದ್ದು ಇವು ಅಂತ ಆ ದಾಖಲೆಯಲ್ಲೇ ಬರೀಬಹುದು. ಪುಟ ಆ ಐಡಿಯನ್ನ ತೋರಿಸ್ತಿರತ್ತೆ ಅಷ್ಟೇ. 2014ರ ನವೆಂಬರ್ 1ಕ್ಕೆ ನಮ್ಮ ಗುಲ್ಬರ್ಗ ಕಲಬುರಗಿ ಆಯ್ತು, ಬೆಳಗಾಂ ಬೆಳಗಾವಿ ಆಯ್ತು, ಬಿಜಾಪುರ ವಿಜಯಪುರ ಆಯ್ತು, ಒಟ್ಟು 12 ಊರು. ಇವತ್ತಿಗೂ ಒಂದು ಡ್ರಾಪ್‌ಡೌನಲ್ಲಿ ಹಳೇ ಹೆಸರು, ಇನ್ನೊಂದರಲ್ಲಿ ಹೊಸದು, ಮೂರನೇದರಲ್ಲಿ ಎರಡೂ ಇರತ್ತೆ, ವಿಜಯಪುರ ಅಂತ ಹುಡುಕಿದ್ರೆ 2014ಕ್ಕಿಂತ ಹಿಂದಿನದ್ದು ಬರಲ್ಲ, ಬರೋದಾದ್ರೆ ಬೆಂಗಳೂರು ಗ್ರಾಮಾಂತರದ ವಿಜಯಪುರ ಬರತ್ತೆ. ಜಿಲ್ಲೆಗೆ ಒಂದು ನಂಬರ್ ಕೊಟ್ಟು ಹೆಸರುಗಳನ್ನ ಅದಕ್ಕೆ ನೇತುಹಾಕಿದ್ರೆ ಈ ಪಾಡಿಲ್ಲ.

ಐಡಿ ವಿಷಯ ಬಂತಲ್ಲ, ಭಾಷೆಯದ್ದೂ ಹೇಳ್ಬಿಡ್ತೀನಿ. ಗವ್ ಡಾಟ್ ಯುಕೆಯಲ್ಲಿ ಇಂಗ್ಲಿಷ್ ಪುಟಕ್ಕೂ ಅದರ ವೆಲ್ಶ್ ಅನುವಾದಕ್ಕೂ ಒಂದೇ ಕಂಟೆಂಟ್ ಐಡಿ, ಭಾಷೆಯ ಕಾಲಂ ಮಾತ್ರ ಬೇರೆ. ಹಾಗಾಗಿ ಇದರ ವೆಲ್ಶ್ ರೂಪ ಎಲ್ಲಿದೆ ಅಂತ ಯಂತ್ರಕ್ಕೆ ಗೊತ್ತು. ನಮ್ಮ ಎಷ್ಟೋ ಸೈಟಲ್ಲಿ ಕನ್ನಡ, ಇಂಗ್ಲಿಷ್ ಎರಡು ಬೇರೆ ಬೇರೆ ಪ್ರಪಂಚ. ಒಳಗಿನ ಪುಟದಲ್ಲಿದ್ದಾಗ 'ಕನ್ನಡ' ಬಟನ್ ಒತ್ತಿ ನೋಡಿ, ಸೀದಾ ಕನ್ನಡದ ಮುಖಪುಟಕ್ಕೆ ತಂದು ಬಿಸಾಕತ್ತೆ, ಯಾಕಂದ್ರೆ ಈ ಪುಟದ ಜೋಡಿ ಯಾವ್ದು ಅಂತ ಎಲ್ಲೂ ಬರೆದಿಲ್ಲ. ಇನ್ನೂ ತಮಾಷೆ ಅಂದ್ರೆ ಕನ್ನಡದ ಪುಟದ ಚೀಟಿಯಲ್ಲೂ ಭಾಷೆ ಇಂಗ್ಲಿಷ್ ಅಂತಾನೇ ಇರತ್ತೆ, ಟೆಂಪ್ಲೇಟ್ ಕಾಪಿ ಹೊಡೆದಿದ್ದು. ಕಣ್ಣು ಕಾಣದವ್ರು ಸ್ಕ್ರೀನ್ ರೀಡರ್ ಹಾಕಿ ಕೇಳಿದ್ರೆ ಅದು ಕನ್ನಡವನ್ನ ಇಂಗ್ಲಿಷ್ ದನಿಯಲ್ಲಿ ಓದೋಕೆ ಹೋಗಿ ಗೊಣಗತ್ತೆ ಇಲ್ಲಾ ಸುಮ್ಮನಾಗಿಬಿಡತ್ತೆ. ಇದನ್ನ ಸರಿಮಾಡೋಕೆ ಬೇಕಿರೋದು ಬರೀ ಎರಡಕ್ಷರದ ಕೋಡ್, ಕೆ ಮತ್ತು ಎನ್.

ಇನ್ನು ವಿಷಯದ ಪಟ್ಟಿ, ಟ್ಯಾಕ್ಸಾನಮಿ ಅಂತಾರಲ್ಲ, ಇದು ಎಲ್ಲಕ್ಕಿಂತ ಕಷ್ಟದ್ದು, ಗವ್ ಡಾಟ್ ಯುಕೆಯವ್ರೂ ಇಲ್ಲಿ ಎಡವಿದ್ರು. ಮೊದಮೊದಲು ಅಲ್ಲಿ ಜನಸಾಮಾನ್ಯರಿಗೆ ಒಂದು ವಿಂಗಡಣೆ, ಪರಿಣತರಿಗೆ ಒಂದು, ನೀತಿಗಳಿಗೆ ಇನ್ನೊಂದು ಅಂತ ಬೇರೆ ಬೇರೆ ಮರ ಬೆಳೆದಿತ್ತು, ಒಂದೇ ವಿಷಯ ಮೂರು ಮರದಲ್ಲಿ ಮೂರು ಹೆಸರಲ್ಲಿ. ಆಮೇಲೆ ಎಲ್ಲಾ ಕಿತ್ತು ಒಂದೇ ಮರ ಮಾಡೋಣ ಅಂತ ಹೊರಟು ಶಿಕ್ಷಣದ ಕೊಂಬೆಯಿಂದ ಶುರುಮಾಡಿದ್ರು. ಮೇಲಿನ ಕೊಂಬೆಗಳ ಹೆಸರು ನೋಡಿ: ಹಣ, ಸಾರಿಗೆ, ಪರಿಸರ, ವಿದೇಶಕ್ಕೆ ಹೋಗೋದು ಮತ್ತು ಅಲ್ಲಿರೋದು, ಮಕ್ಕಳನ್ನ ಬೆಳೆಸೋದು. ಯಾವ್ದೂ ಇಲಾಖೆಯ ಹೆಸರಲ್ಲ. ನಮ್ಮ ಸೈಟುಗಳ ಮೆನು ನೋಡಿದ್ರೆ ಆಫೀಸ್ ಕಟ್ಟಡದ ಬೋರ್ಡ್ ಓದಿದ ಹಾಗಿರತ್ತೆ, ಆಡಳಿತ ಶಾಖೆ, ಲೆಕ್ಕ ಶಾಖೆ, ಯೋಜನಾ ವಿಭಾಗ. ನನಗೆ ಬೇಕಿರೋದು ಯಾವ ಶಾಖೆಯಲ್ಲಿದೆ ಅಂತ ನನಗೆ ಗೊತ್ತಿದ್ದಿದ್ರೆ ನಾನು ಯಾಕೆ ಹುಡುಕ್ತಿದ್ದೆ ಹೇಳಿ.

ಮರ ಬರೆಯೋದು ಸುಲಭ, ಲಕ್ಷಾಂತರ ಹಳೇ ಪುಟಕ್ಕೆ ಅದರ ಎಲೆ ಅಂಟಿಸೋದು ಯಾರು? ಜನ ಕೂತು ಒಂದಷ್ಟು ಮಾಡಿದ್ರು, ಆಮೇಲೆ 2018ರಲ್ಲಿ ಮಷೀನ್ ಲರ್ನಿಂಗ್ ತಂದ್ರು, ಅಂದ್ರೆ ಮನುಷ್ಯರು ಟ್ಯಾಗ್ ಹಾಕಿದ ಪುಟಗಳನ್ನ ತೋರಿಸಿ, ನೋಡಪ್ಪಾ ಹೀಗಿದ್ರೆ ಇದು, ಹಾಗಿದ್ರೆ ಅದು ಅಂತ ಕಲಿಸಿ ಉಳಿದಿದ್ದಕ್ಕೆ ಯಂತ್ರದಿಂದ ಸೂಚನೆ ತಗೊಂಡ್ರು. ಇದನ್ನ ಓದಿ ನಮ್ಮಲ್ಲಿ ಎಷ್ಟೋ ಜನ, ಹೋ ಹಾಗಾದ್ರೆ ಎಐ ಇದೆಯಲ್ಲ ಅದೇ ಮಾಡ್ಬಿಡತ್ತೆ ಅಂತಾರೆ, ಮೀಟಿಂಗಲ್ಲಿ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮೊದಲು ಮನುಷ್ಯರು ಸರಿಯಾಗಿ ಹಾಕಿದ್ದ ಟ್ಯಾಗ್ ಇತ್ತು ಅದಕ್ಕೇ ಕಲಿಸೋಕಾಯ್ತು ಸ್ವಾಮಿ. 'ಸುತ್ತೋಲೆ' 'ಸುತ್ತೋಲೆ' 'ಸುತ್ತೋಲೆ' ಅಂತಿರೋದನ್ನ ತೋರಿಸಿದ್ರೆ ಅದೂ ಸುತ್ತೋಲೆ ಅಂತಾನೇ ಕಲಿಯೋದು.

ಎಲ್ಲಾ ಪುಟಕ್ಕೂ ಒಂದೇ ಚೀಟಿ ಸಾಲದು ಅನ್ನೋದಕ್ಕೆ ಅಲ್ಲೇ ಒಂದು ಒಳ್ಳೆ ಉದಾಹರಣೆ ಇದೆ, ವಿಮಾನ ಅಪಘಾತ ತನಿಖೆಯ ವರದಿಗಳು. ಅವಕ್ಕೆ ಸ್ವಂತ ಕಾಲಂಗಳು, ಘಟನೆ ನಡೆದ ದಿನ, ವಿಮಾನದ ವರ್ಗ, ಮಾದರಿ, ರಿಜಿಸ್ಟ್ರೇಶನ್ ನಂಬರ್, ಜಾಗ, ವರದಿಯ ಬಗೆ. ಪೈಲಟ್ ಒಬ್ಬ ಹುಡುಕೋದು ಹಾಗೇನೇ, ಹೆಲಿಕಾಪ್ಟರ್ ಬೇಕು, ಈ ಮಾದರಿ ಬೇಕು ಅಂತ. ನಮ್ಮ ಸುತ್ತೋಲೆಗೂ ಹೀಗೇ ಬೇಕಿರೋದು ನಾಲ್ಕೈದೇ: ಯಾವ ವಿಷಯ, ಯಾವ ದಿನದ್ದು, ಯಾರಿಗೆ ಅನ್ವಯ, ಯಾವ ಹಳೇ ಸುತ್ತೋಲೆಯನ್ನ ಇದು ರದ್ದು ಮಾಡತ್ತೆ, ಇದನ್ನ ಆಮೇಲೆ ಯಾವ್ದು ರದ್ದು ಮಾಡ್ತು. ಕೊನೆಯ ಎರಡು ಇದ್ದಿದ್ರೆ ಎಷ್ಟು ಜನರ ಬಸ್ ಚಾರ್ಜ್ ಉಳೀತಿತ್ತೋ.

ಈಗ ಸರ್ಚ್‌ಗೆ ಬರ್ತೀನಿ. ಗೂಗಲಲ್ಲಿ ನಿಮಗೆ ಕಾಣೋ ನೀಲಿ ಸಾಲು ಸಾಮಾನ್ಯವಾಗಿ ಪುಟದ ಶೀರ್ಷಿಕೆ, ಕೆಳಗಿನ ಎರಡು ಸಾಲು ಎಷ್ಟೋ ಸಲ ವಿವರಣೆಯ ಕಾಲಂನಿಂದ ಬಂದಿರೋದು. ಹಾಗಾಗಿ ಸರ್ಚಲ್ಲಿ ಜನ ನಿಜವಾಗಿ ಕಣ್ಣಾರೆ ಓದೋ ಮೆಟಾಡೇಟಾ ಮುಖ್ಯವಾಗಿ ಈ ಎರಡು ಕಾಲಂ. ಗವ್ ಡಾಟ್ ಯುಕೆಯ ಬರವಣಿಗೆ ನಿಯಮದಲ್ಲಿ ಶೀರ್ಷಿಕೆ 65 ಅಕ್ಷರದೊಳಗೆ, ಸಾರಾಂಶ 160 ಅಕ್ಷರದೊಳಗೆ, ಮುಖ್ಯ ಪದ ಮೊದಲೇ ಬರಬೇಕು. ನಮ್ಮ ಶೀರ್ಷಿಕೆಗಳು 'ಕರ್ನಾಟಕ ಸರ್ಕಾರದ ಆದೇಶ ಸಂಖ್ಯೆ' ಅಂತ ಶುರುವಾಗಿ ವಿಷಯ ಬರೋ ಹೊತ್ತಿಗೆ ಮೂರು ಚುಕ್ಕಿ ಬಿದ್ದು ಮುಗಿದೋಗಿರತ್ತೆ. ಮತ್ತೆ ಆ ಉತಾರ, ಪಹಣಿ, ಆರ್‌ಟಿಸಿ. ಅಧಿಕೃತ ಪದ ಒಂದೇ ಇರ್ಲಿ, ತೊಂದ್ರೆ ಇಲ್ಲ, ಆದ್ರೆ ಅದರ ಬೆನ್ನಿಗೆ ಜನ ಆಡೋ ಪದಗಳನ್ನೂ ಕಟ್ಟಬೇಕು, ಪಡಿತರ ಚೀಟಿ ಅಂದ್ರೂ ರೇಷನ್ ಕಾರ್ಡ್ ಅಂದ್ರೂ ಅದೇ ಪುಟ, ಸರ್ಕಾರ ಅಂದ್ರೂ ಸರಕಾರ ಅಂದ್ರೂ ಅದೇ. ಈ ಪಟ್ಟಿ ಎಲ್ಲಿಂದ ತರೋದು ಅಂದ್ರೆ ಕಮಿಟಿ ಮಾಡಬೇಕಾಗಿಲ್ಲ, ಸೈಟಿನ ಸರ್ಚ್ ಲಾಗ್ (ಜನ ಏನೇನು ಹುಡುಕಿದ್ರು ಅನ್ನೋ ದಾಖಲೆ) ತೆಗೆದು ಸೊನ್ನೆ ಫಲಿತಾಂಶ ಬಂದ ಪದಗಳನ್ನ ತಿಂಗಳಿಗೊಮ್ಮೆ ಓದಿದ್ರೆ ಸಾಕು, ಇಡೀ ಉತ್ತರ ಕರ್ನಾಟಕ ಅದರಲ್ಲಿರತ್ತೆ.

ಕನ್ನಡಕ್ಕೇ ಅಂತ ಇರೋ ತಾಪತ್ರಯ ಬೇರೆ ಇವೆ, ಇವನ್ನ ಯಾವ ಬ್ರಿಟನ್ನೂ ಹೇಳ್ಕೊಡಲ್ಲ. 'ನುಡಿ' ಅನ್ನೋ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿದ ಆದೇಶಗಳು ಲೆಕ್ಕವಿಲ್ಲದಷ್ಟಿವೆ. ಪರದೆ ಮೇಲೆ ಚೆಂದಾಗಿ 'ಕನ್ನಡ' ಅಂತ ಕಾಣತ್ತೆ, ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿ: ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರೋ ಎ, ಪೌಂಡ್ ಗುರುತು, ಮತ್ತದೇ ಗೀಟಿನ ಎ, ಒಂದು ಜರ್ಮನ್ ಅಕ್ಷರ, ಕ್ಯೂ, ಮತ್ತೆ ಎ. ಕಂಪ್ಯೂಟರಿಗೆ ಅದು ಕನ್ನಡ ಅಲ್ಲ, ಕನ್ನಡದ ವೇಷ ಹಾಕಿರೋ ಇಂಗ್ಲಿಷ್. ನೀವು ಯೂನಿಕೋಡಲ್ಲಿ, ಅಂದ್ರೆ ಕಂಪ್ಯೂಟರಿಗೂ ಕನ್ನಡ ಅಂತಾನೇ ಗೊತ್ತಾಗೋ ಅಕ್ಷರದಲ್ಲಿ, ಹುಡುಕಿದ್ರೆ ಪೌಂಡ್ ಗುರುತು ಹೇಗೆ ಸಿಗತ್ತೆ? ಒಳಗಿನ ಪಠ್ಯ ಹೀಗೆ ಸತ್ತಿರುವಾಗ ಆ ಕಡತವನ್ನ ಬದುಕಿಸೋದು ಹೊರಗಿನ ಚೀಟಿ ಮಾತ್ರ, ಶೀರ್ಷಿಕೆ, ಸಾರಾಂಶ, ದಿನಾಂಕ ಇಷ್ಟನ್ನ ಯೂನಿಕೋಡಲ್ಲಿ ಬರೆದ್ರೂ ಕಡತ ಹುಡುಕೋರ ಕೈಗೆ ಸಿಗತ್ತೆ. ಸ್ಕ್ಯಾನ್ ಮಾಡಿದ ಪಿಡಿಎಫ್‌ಗೂ ಇದೇ ಮಾತು, ಅದು ಬರೀ ಫೋಟೋ.

ಯೂನಿಕೋಡಲ್ಲೂ ಕಣ್ಣಿಗೆ ಕಾಣದ ಆಟಗಳಿವೆ. ಆರ್‌ಟಿಸಿ ಅಂತ ಬರೀವಾಗ ಅರ್ಕಾವೊತ್ತು ಕೂಡಿಕೊಳ್ಳಬಾರದು ಅಂತ ಮಧ್ಯೆ ಒಂದು ಶೂನ್ಯ ಅಗಲದ ಅಕ್ಷರ ಹಾಕ್ತೀವಿ, ಕೆಲವ್ರು ಹಾಕದೇ ಆರ್ಟಿಸಿ ಅಂತ ಬರೀತಾರೆ, ಸರ್ಚಿಗೆ ಇವೆರಡೂ ಬೇರೆ ಪದ. ಓಕಾರ ಒಂದೇ ಚಿಹ್ನೆಯಾಗೂ ಟೈಪ್ ಆಗಬಹುದು, ತುಂಡು ತುಂಡಾಗೂ ಆಗಬಹುದು, ನೋಡೋಕೆ ಒಂದೇ. ಸೇವ್ ಮಾಡುವಾಗ್ಲೂ ಹುಡುಕುವಾಗ್ಲೂ ಇವನ್ನ ಒಂದೇ ರೂಪಕ್ಕೆ ತರೋ ನಾಲ್ಕು ಸಾಲಿನ ಕೋಡ್ ಬೇಕು, ಅಷ್ಟೇ, ಆದ್ರೆ ಅದು ಬೇಕು ಅಂತ ಗೊತ್ತಿರೋರು ಟೆಂಡರ್ ಬರೆಯೋ ಕೋಣೇಲಿ ಇರಲ್ಲ.

ನಮ್ಮಲ್ಲಿ ನಿಯಮ ಇಲ್ಲ ಅಂತಲ್ಲ. ಭಾರತ ಸರ್ಕಾರದ ಜಿಐಜಿಡಬ್ಲ್ಯು ಅನ್ನೋ ವೆಬ್‌ಸೈಟ್ ಮಾರ್ಗಸೂಚಿ 2009ರಿಂದ ಇದೆ, ಮೂರನೇ ಆವೃತ್ತಿ 2023ರಲ್ಲಿ ಬಂತು. ಶೀರ್ಷಿಕೆ, ವಿವರಣೆ, ಭಾಷೆ ಸರಿಯಾಗಿ ಹಾಕಿ ಅನ್ನೋದೂ ಅದರಲ್ಲಿ ಬಂದಿದೆ, ಕಂಟೆಂಟ್ ಯಾರು ಬರೀಬೇಕು ಯಾರು ಒಪ್ಪಬೇಕು, ಎಷ್ಟು ದಿನಕ್ಕೊಮ್ಮೆ ಮತ್ತೆ ನೋಡಬೇಕು, ಅವಧಿ ಮುಗಿದಿದ್ದನ್ನ ಯಾವಾಗ ಆರ್ಕೈವಿಗೆ ಕಳಿಸಬೇಕು ಅನ್ನೋದಕ್ಕೂ ನೀತಿ ಮಾಡ್ಕೊಳ್ಳಿ ಅಂತ ಹೇಳಿದೆ. ಓದಿದ್ರೆ ಚೆನ್ನಾಗೇ ಇದೆ. ಎಷ್ಟೋ ಕಡೆ ಆ ನೀತಿ ಅನ್ನೋದು ಫೂಟರಿನಲ್ಲಿ ಒಂದು ಲಿಂಕ್ ಆಗಿ ಉಳ್ಕೊಂಡಿದೆ, ಸಿಸ್ಟಮ್ಮಿನೊಳಗೆ ಬಂದಿಲ್ಲ. 'ಮುಕ್ತಾಯ ದಿನಾಂಕ' ಅನ್ನೋ ಕಾಲಂ ತುಂಬದೇ ಟೆಂಡರ್ ನೋಟೀಸ್ ಪ್ರಕಟವಾಗಲ್ಲ, ಆ ದಿನ ಬಂದಾಗ ಅದು ತಾನಾಗೇ ಪಟ್ಟಿಯಿಂದ ಇಳಿಯತ್ತೆ ಅಂತ ಮಾಡಿದ್ರೆ ನೀತಿಯ ಲಿಂಕೇ ಬೇಡ.

ಹಳೇ ದೊಡ್ಡ ಸೈಟ್ ಕೈಗೆ ಬಂದ್ರೆ ನಾನು ಮೊದಲು ಮಾಡೋದು ಸ್ಟಾಂಡರ್ಡ್ ಓದೋದಲ್ಲ. ಎಲ್ಲಾ ಪುಟ, ಎಲ್ಲಾ ಪಿಡಿಎಫ್ ಒಂದು ಎಕ್ಸೆಲ್ ಶೀಟಿಗೆ ಇಳಿಸ್ಕೊಳ್ಳೋದು, ವಿಳಾಸ, ಶೀರ್ಷಿಕೆ, ದಿನಾಂಕ, ಓನರ್, ವರ್ಷದಲ್ಲಿ ಎಷ್ಟು ಜನ ನೋಡಿದ್ರು. ಶೀರ್ಷಿಕೆಯನ್ನ ಅಕಾರಾದಿಯಲ್ಲಿ ಸಾರ್ಟ್ ಮಾಡಿದ ತಕ್ಷಣ ಅರ್ಧ ರೋಗ ಕಾಣತ್ತೆ, ಒಂದೇ ಹೆಸರಿಂದು ಸಾಲಾಗಿ ನಿಲ್ಲತ್ತೆ, 'ಮೈಕ್ರೋಸಾಫ್ಟ್ ವರ್ಡ್ - ಫೈನಲ್ ಫೈನಲ್ 2' ಅನ್ನೋ ಪಿಡಿಎಫ್‌ಗಳ ಮೆರವಣಿಗೆ ಬರತ್ತೆ. ಆಮೇಲೆ ಜನ ಅತೀ ಹೆಚ್ಚು ನೋಡೋ ಇನ್ನೂರು ಪುಟ ಮಾತ್ರ ಕೈಗೆ ತಗೊಳ್ಳೋದು, ಉಳಿದಿದ್ದು ಕಾಯ್ಲಿ, ಯಾರೂ ನೋಡದೇ ಇರೋದನ್ನ ತಿದ್ದೋದಕ್ಕಿಂತ ತೆಗೆಯೋದೇ ವಾಸಿ. ಪ್ರತಿಯೊಂದು ಕಾಲಂಗೂ ಒಂದೇ ಪ್ರಶ್ನೆ, ಇದು ಖಾಲಿ ಇದ್ರೆ ಏನು ಕೆಡತ್ತೆ? ಏನೂ ಕೆಡಲ್ಲ ಅಂದ್ರೆ ಆ ಕಾಲಂ ಕಿತ್ತಾಕಿ.

ಒಂದ್ಸಲ ಒಂದು ಆಫೀಸಿಗೆ ಈ ಶೀಟ್ ಮಾಡಿಕೊಟ್ಟಿದ್ದೆ. ಓನರ್ ಕಾಲಂ ಮಾತ್ರ ಅವ್ರ ಹತ್ರ ಮೊದಲೇ ತುಂಬಿತ್ತು, ಪೂರ್ತಿ, ಒಂದು ಸಾಲೂ ಖಾಲಿ ಇಲ್ಲ, ನನಗೆ ಭಾರಿ ಖುಷಿಯಾಯ್ತು. ಎಲ್ಲದರಲ್ಲೂ ಒಂದೇ ಹೆಸರಿತ್ತು. ಅವ್ರನ್ನ ಸ್ವಲ್ಪ ಕರೀತೀರಾ ಅಂದೆ. ಅವ್ರು ರಿಟೈರಾಗಿ ನಾಲ್ಕು ವರ್ಷ ಆಯ್ತು ಸಾರ್, ಆದ್ರೆ ಲಾಗಿನ್ ಇನ್ನೂ ಅವ್ರದ್ದೇ ನಡೀತಿದೆ, ಪಾಸ್‌ವರ್ಡ್ ಎಲ್ಲರಿಗೂ ಗೊತ್ತು ಅಂದ್ರು.